ಶುಕ್ರವಾರದ ಬಾಟಲಿ

“ಇದನ್ನ ತುಂಬಿದೋರು ಮೇಷ್ಟ್ರಲ್ಲ,” ಎಂದಳು ಒಗೆಯುವ ಅಜ್ಜಿ.

ಇನ್ಸ್‌ಪೆಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಅಜ್ಜಿಯನ್ನು ಕರೆಸಿದ್ದು ಬರೀ ಒಂದು ಸಹಿಗೆ. ಸತ್ತವರ ಮನೆಯ ಸಾಮಾನಿನ ಪಟ್ಟಿಗೆ ನೆರೆಮನೆಯವರು ಒಬ್ಬರು ರುಜು ಹಾಕಬೇಕು ಎನ್ನುವ ನಿಯಮವಿತ್ತು, ಅಷ್ಟೆ. ಅಜ್ಜಿ ರುಜು ಹಾಕಿ ಸುಮ್ಮನೆ ಹೋಗುವ ಪೈಕಿ ಅಲ್ಲ. ಮೇಷ್ಟ್ರ ಮನೆಯ ಗೋಡೆಯುದ್ದದ ಹಲಗೆಗಳ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಬಾಟಲಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಮೂರು ವರ್ಷದಿಂದ ದಿನಕ್ಕೊಂದು ಬಾಟಲಿ ಹೊಳೆ ನೀರು ತುಂಬಿಟ್ಟ ನಿವೃತ್ತ ವಿಜ್ಞಾನದ ಮೇಷ್ಟ್ರು ಕಳೆದ ಶುಕ್ರವಾರ ಬೆಳಗ್ಗೆ ಅದೇ ಹೊಳೆಯಲ್ಲಿ ಹೆಣವಾಗಿ ಸಿಕ್ಕಿದ್ದರು, ತೊಟ್ಟ ಬಿಳಿ ಅಂಗಿಯೆಲ್ಲ ಹಸಿರಾಗಿ. ಕಾಲು ಜಾರಿ ಬಿದ್ದು ಸಾವು ಎಂದು ಬರೆದು ಇವತ್ತು, ಬುಧವಾರ, ಸಂಜೆ ಐದರೊಳಗೆ ಫೈಲು ಮುಚ್ಚಬೇಕೆಂದು ಮೇಲಿನಿಂದ ಆರ್ಡರು ಬಂದಿತ್ತು.

“ಚೀಟಿ ಮೇಲಿನ ಕೈಬರಹ ಮೇಷ್ಟ್ರದ್ದೇ ಅಜ್ಜಿ. ನಾನು ಅವರ ಹತ್ರಾನೇ ಓದಿದ್ದು. ನನ್ನ ನೋಟ್‌ಬುಕ್ಕಿನ ತುಂಬ ಇದೇ ನೇರಳೆ ಇಂಕು.”

“ಚೀಟಿ ಅವರದ್ದೇ ಇರ್ಲಿ ತಾಯಿ. ನೀರು ಅವರದ್ದಲ್ಲ. ನೀನು ಓದಿದೋಳು, ಚೀಟಿ ನೋಡ್ತೀಯ. ನನಗೆ ಓದೋಕೆ ಬರಲ್ಲ, ನಾನು ನೀರು ನೋಡ್ತೀನಿ.” ಅಜ್ಜಿ ಒಂದು ಬಾಟಲಿಯ ಮೇಲೆ ಬೆರಳಿಟ್ಟಳು. “ಇದು ಯಾವ ವಾರ?”

“ಸೋಮವಾರ.”

“ಸೋಮವಾರ ಹಳದಿ ನೀರಾ? ಸಾಧ್ಯವೇ ಇಲ್ಲ. ವಾರಕ್ಕೆ ಸೋಮವಾರ ಒಂದೇ ದಿನ ಹೊಳೆ ನೀರು ನೀರಿನ ಥರ ಇರೋದು. ಲಾಡ್ಜಿನ ಬಿಳಿ ಬೆಡ್‌ಶೀಟೆಲ್ಲ ಅವತ್ತೇ ಒಗೀತೀನಿ. ಹಳದಿ ಬರೋದು ಮಂಗಳವಾರ. ಬುಧವಾರ ಕಿತ್ತಳೆ. ಗುರುವಾರ ಕೆಂಪು, ಶುಕ್ರವಾರ ಹಸಿರು, ಶನಿವಾರ ನೀಲಿ. ಭಾನುವಾರ ಕಪ್ಪು, ದೇವರೇ, ಅವತ್ತು ಹೊಳೆ ಹತ್ರ ನಾಯೀನೂ ಹೋಗಲ್ಲ. ಹತ್ತು ವರ್ಷದಿಂದ ಹೀಗೇ. ನನ್ನ ಮನೇಲಿ ಕ್ಯಾಲೆಂಡರೇ ಇಲ್ಲ.”

ಅಜ್ಜಿ ತನ್ನ ಕೈ ಮುಂದೆ ಚಾಚಿದಳು. ಸೋಪಿಗೆ ಒಡೆದುಹೋದ ಬೆರಳುಗಳ ಸಂದಿಯಲ್ಲಿ ಕೆಂಪು, ನೀಲಿ, ಹಸಿರು ಗೆರೆಗಳು ಒಂದರ ಪಕ್ಕ ಒಂದು ಕೂತಿದ್ದವು. “ನೋಡು, ಒಡೆದ ಚರ್ಮಕ್ಕೆ ಒಂದ್ಸಲ ಹಿಡೀತು ಅಂದ್ರೆ ಹತ್ತು ದಿನ ಜಪ್ಪಯ್ಯ ಅಂದ್ರೂ ಹೋಗಲ್ಲ. ನನ್ನ ಸೊಸೆ ನನ್ನ ಕೈ ನೋಡಿ ವಾರ ಹೇಳ್ತಾಳೆ.”

ಇನ್ಸ್‌ಪೆಕ್ಟರಮ್ಮ ಹಲಗೆಯ ಹತ್ತಿರ ಹೋದಳು. ಐದು ದಿನದಲ್ಲಿ ಇದು ಅವಳ ನಾಲ್ಕನೆಯ ಭೇಟಿ. ಪ್ರತಿ ಸಲವೂ ಬಾಟಲಿ ಎಣಿಸಿ, ತಾರೀಕು ನೋಡಿ, ಒಂದೂ ಕಳುವಾಗಿಲ್ಲ ಎಂದು ಬರೆದುಕೊಂಡು ಹೋಗಿದ್ದಳು. ಕಡಿಮೆಯಿದ್ದದ್ದು ಕೊನೆಯ ದಿನದ್ದು ಮಾತ್ರ, ಶುಕ್ರವಾರದ ಬಾಟಲಿ. ಅದು ಮೇಷ್ಟ್ರ ಜೊತೆ ನೀರಿಗೆ ಬಿದ್ದಿರಬೇಕು ಎಂದುಕೊಂಡಿದ್ದಳು.

ಈಗ ತಾರೀಕು ಬಿಟ್ಟು ಬಣ್ಣ ನೋಡಿದಳು. ಮೇಲಿನ ಸಾಲುಗಳೆಲ್ಲ ಅಜ್ಜಿ ಹೇಳಿದ ಹಾಗೇ ಇದ್ದವು. ಸೋಮವಾರ ತಿಳಿ, ಮಂಗಳವಾರ ಹಳದಿ. ಕೆಳಗಿನ ಸಾಲಿನಲ್ಲಿ ಮಾತ್ರ ಹದಿನಾಲ್ಕು ಬಾಟಲಿಗಳಲ್ಲಿ ಎಲ್ಲ ಬಣ್ಣವೂ ಒಂದೊಂದು ದಿನ ಮುಂಚೆ ಬಂದು ಕೂತಿತ್ತು. ಸೋಮವಾರವೇ ಹಳದಿ, ಮಂಗಳವಾರವೇ ಕಿತ್ತಳೆ.

ಆ ಹದಿನಾಲ್ಕು ದಿನ ಯಾವುವು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಹೊಳೆಯ ಮೇಲ್ಗಡೆಯ ಬಟ್ಟೆ ಬಣ್ಣದ ಕಾರ್ಖಾನೆಯವರು ಹೊಸ ಘಟಕ ಶುರು ಮಾಡಿದ ಮೊದಲ ಎರಡು ವಾರ. ಹೊಳೆಯ ಮೀನೆಲ್ಲ ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲಿದ್ದು, ಕೆಳಗೇರಿಯ ಮಕ್ಕಳ ಮೈಮೇಲೆ ಗುಳ್ಳೆ ಎದ್ದದ್ದು ಆಗಲೇ. ಮೇಷ್ಟ್ರು ಕಾರ್ಖಾನೆಯ ಮೇಲೆ ಹಾಕಿದ್ದ ಕೇಸಿನಲ್ಲಿ ಮುಂದಿನ ಸೋಮವಾರ ಕೋರ್ಟಿಗೆ ಹೋಗಬೇಕಾಗಿದ್ದದ್ದೂ ಅವೇ ಬಾಟಲಿ.

ಯಾರೋ ಅವನ್ನು ಚೆಲ್ಲಿ, ಬಣ್ಣದ ನೀರು ತುಂಬಿಟ್ಟಿದ್ದರು. ತುಂಬಿದವರಿಗೆ ಕಾರ್ಖಾನೆಯಲ್ಲಿ ಯಾವ ದಿನ ಯಾವ ಬಣ್ಣ ಎಂದು ಗೊತ್ತಿತ್ತು. ಆದರೆ ಆ ಬಣ್ಣ ಹೊಳೆಗೆ ಯಾವಾಗ ಬರುತ್ತದೆಂದು ಗೊತ್ತಿರಲಿಲ್ಲ.

ಹೊಳೆ ದಂಡೆಯವರು ಯಾರೂ ಇಂಥ ತಪ್ಪು ಮಾಡುವುದಿಲ್ಲ. ಇದು ಒಳಗಿನವರ ತಪ್ಪು. ಕಾರ್ಖಾನೆಯೊಳಗೆ ನಿಂತು, ತೊಟ್ಟಿ ನೋಡಿಕೊಂಡು ವಾರ ಎಣಿಸುವವರ ತಪ್ಪು. ಹಾಗೆ ಎಣಿಸುವವರಲ್ಲಿ ಅವಳಿಗೆ ಗೊತ್ತಿದ್ದವರು ಒಬ್ಬರೇ.

“ಏನಮ್ಮಾ, ಮುಖ ಯಾಕೆ ಹಾಗೆ ಬಿಳಿಚಿಕೊಂಡಿತು?” ಎಂದಳು ಅಜ್ಜಿ.

“ಏನಿಲ್ಲ ಅಜ್ಜಿ. ಸಹಿ ಹಾಕಿ.”

*

ಜೀಪು ಸೇತುವೆ ದಾಟುವಾಗ ಇನ್ಸ್‌ಪೆಕ್ಟರಮ್ಮ ಮೊದಲ ಸಲ ಹೊಳೆಯ ಕಡೆ ಮುಖ ಮಾಡಿ ಕೂತಳು. ಈ ಊರಿಗೆ ವಾಪಸ್ ಬಂದು ನಾಲ್ಕು ತಿಂಗಳು. ಅಷ್ಟು ದಿನವೂ ಸೇತುವೆ ಬಂದರೆ ಇನ್ನೊಂದು ಕಿಟಕಿ ನೋಡುತ್ತಿದ್ದಳು.

ನೀರು ಕಿತ್ತಳೆ ಬಣ್ಣಕ್ಕಿತ್ತು. ಬುಧವಾರ. ಅಜ್ಜಿಯ ಲೆಕ್ಕ ಸರಿಯಾಗಿತ್ತು.

ಎಂಟು ವರ್ಷದವಳಿದ್ದಾಗ ಈಜು ಕಲಿತದ್ದು ಇಲ್ಲೇ, ಕಲ್ಲಿನ ಮೆಟ್ಟಿಲ ಬುಡದಲ್ಲಿ. ಅಮ್ಮ ಹೋದ ಮೇಲೆ ಸಾಕಿದವಳು ಅಕ್ಕ. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಹಿಡಿದುಕೊಂಡು, “ಹೆದರಿಕೆ ಆದ್ರೆ ನನ್ನ ಕಾಲು ನೋಡು ಪುಟ್ಟಿ” ಎನ್ನುತ್ತಿದ್ದಳು. ಎದೆಮಟ್ಟದ ನೀರಿನ ತಳದಲ್ಲಿ, ಮರಳಿನ ಮೇಲೆ, ಅಕ್ಕನ ಎರಡು ಪಾದ ಕನ್ನಡಿಯೊಳಗಿನ ಹಾಗೆ ಕಾಣುತ್ತಿದ್ದವು. ಉಗುರು ಕೂಡ ಎಣಿಸಬಹುದಿತ್ತು. ಆಗ ಕಾರ್ಖಾನೆಯಲ್ಲಿ ಎರಡೇ ತೊಟ್ಟಿ. ಈಗ ಅರವತ್ತು.

ಇಪ್ಪತ್ತೆರಡು ವರ್ಷ ಎಲ್ಲೆಲ್ಲೋ ಕೆಲಸ ಮಾಡಿ, ಕಂಡಕಂಡ ಸಾಹೇಬರ ಕಾಲು ಹಿಡಿದು ಈ ವರ್ಗ ಮಾಡಿಸಿಕೊಂಡಿದ್ದಳು. ಊರಿಗಾಗಿ ಅಲ್ಲ, ಹೊಳೆಗಾಗಿ ಅಲ್ಲ. ಪುಟ್ಟಿ ಎಂದು ಕರೆಯುವವರು ಈ ಭೂಮಿಯ ಮೇಲೆ ಇಬ್ಬರೇ ಉಳಿದಿದ್ದರು, ಅವರಿದ್ದದ್ದು ಇಲ್ಲಿ. ಅಕ್ಕ ಒಬ್ಬಳು, ಭಾವ ಒಬ್ಬರು. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿ, ಯೂನಿಫಾರ್ಮಿನ ಬೆಲ್ಟು ಸಡಿಲ ಮಾಡಿ, ನೆಲದ ಮೇಲೆ ಉರುಳಿಕೊಂಡು ಬೈಸಿಕೊಳ್ಳುವುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅಷ್ಟು ಸಿಕ್ಕಿ ನಾಲ್ಕು ತಿಂಗಳಾಗಿತ್ತು.

ಆ ಭಾವ ಕಾರ್ಖಾನೆಯ ಬಣ್ಣದ ಮೇಸ್ತ್ರಿ.

“ಮೇಡಂ, ಯಾಕೋ ಮಾತೇ ಇಲ್ಲ,” ಎಂದ ಜೀಪು ಓಡಿಸುತ್ತಿದ್ದ ದಫೇದಾರ.

“ನೀನು ರಸ್ತೆ ನೋಡಪ್ಪ.”

*

ಬಣ್ಣ ಕಲಸುವ ಕೋಣೆ ಕಾರ್ಖಾನೆಯ ಹಿಂಭಾಗದಲ್ಲಿತ್ತು. ಮೊಳಕಾಲೆತ್ತರದ ಡ್ರಮ್ಮುಗಳು, ಪುಡಿ ತೂಗುವ ತಕ್ಕಡಿ, ಕಾಲುವೆ ಕಡೆ ತೆರೆಯುವ ಸಣ್ಣ ಹಿಂಬಾಗಿಲು, ಒದ್ದೆ ನೆಲ, ಮೂಗಿನೊಳಗೆ ಕಚ್ಚುವ ವಾಸನೆ. ಭಾವ ಸ್ಟೂಲಿನ ಮೇಲೆ ಕೂತು, ಬಟ್ಟೆಯ ಚೂರೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೆನ್ನು ಬಾಗಿತ್ತು. ಅವಳನ್ನು ಕಂಡು ಮುಖ ಅರಳಿತು.

“ಏನ್ ಪುಟ್ಟಿ, ದಾರಿ ತಪ್ಪಿ ಬಂದ್ಯಾ?” ಎಂದು ನಕ್ಕರು. ನಗು ಕೆಮ್ಮಾಗಿ ತಿರುಗಿತು. ಅವರ ಕೆಮ್ಮಿಗೆ ಒಂದು ಕ್ರಮವಿತ್ತು. ಎರಡು ಸಣ್ಣದು, ಆಮೇಲೆ ಎದೆಯ ಬುಡದಿಂದ ಎಳೆದ ಹಾಗೆ ಒಂದು ಉದ್ದದ್ದು.

ಅವಳು ಗೋಡೆಯ ಕಡೆ ನೋಡಿದಳು. ಅಲ್ಲೊಂದು ರಟ್ಟಿನ ಹಲಗೆ. ಸೋಮವಾರ ಹಳದಿ. ಮಂಗಳವಾರ ಕಿತ್ತಳೆ. ಬುಧವಾರ ಕೆಂಪು. ಗುರುವಾರ ಹಸಿರು. ಶುಕ್ರವಾರ ನೀಲಿ. ಶನಿವಾರ ಕಪ್ಪು. ಭಾನುವಾರ ತೊಳೆಯುವುದು.

“ಈ ಕ್ರಮ ಯಾಕೆ ಭಾವ?”

“ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಕಪ್ಪು ಹಾಕಿದ ತೊಟ್ಟಿಗೆ ಮಾರನೇ ದಿನ ಹಳದಿ ಹಾಕಿದ್ರೆ ಬಟ್ಟೆ ಗಬ್ಬೆದ್ದು ಹೋಗುತ್ತೆ. ಅದಕ್ಕೇ ವಾರದ ಕೊನೇಲಿ ಕಪ್ಪು, ಆಮೇಲೆ ತೊಳೆಯೋದು. ಇದು ಎಲ್ಲ ಕಡೆ ಇರೋದೇ.”

“ತೊಟ್ಟಿ ನೀರು ಹೊಳೆಗೆ ಹೋಗೋಕೆ ಎಷ್ಟು ಹೊತ್ತು ಬೇಕು?”

“ಅದು ನನಗೇನ್ ಗೊತ್ತು. ಕೊಳೆ ನೀರಿನ ನಾಲ್ಕು ಹೊಂಡ ತುಂಬಿ, ಕಾಲುವೆ ಹಿಡಿದು ಹೋಗ್ಬೇಕು. ಅದು ನನ್ನ ಡಿಪಾರ್ಟ್‌ಮೆಂಟಲ್ಲ.”

“ಒಂದು ದಿನ ಬೇಕು ಭಾವ. ಸೋಮವಾರದ ಹಳದಿ ಸೇತುವೆ ಹತ್ರ ಬರೋದು ಮಂಗಳವಾರ. ಹೊಳೆ ಕಡೆ ಹೋಗಿ ಎಷ್ಟು ವರ್ಷ ಆಯ್ತು ನೀವು?”

ಭಾವನ ಕೈಯಲ್ಲಿದ್ದ ಬಟ್ಟೆಯ ಚೂರು ನಿಧಾನವಾಗಿ ತೊಡೆಯ ಮೇಲಿಳಿಯಿತು.

ಅವಳಿಗೆ ಆ ಕ್ಷಣ ಅಲ್ಲಿಂದ ಓಡಿಹೋಗಬೇಕೆನಿಸಿತು. ಶಾಲೆಯ ದಿನಗಳಲ್ಲಿ ಅವಳ ಮಾಸಿದ ಯೂನಿಫಾರ್ಮನ್ನು ಇದೇ ಕೈ ಬಣ್ಣದಲ್ಲಿ ಅದ್ದಿ ಹೊಸದು ಮಾಡಿಕೊಡುತ್ತಿತ್ತು. ಜೂನ್ ತಿಂಗಳಲ್ಲಿ ಇಡೀ ತರಗತಿ ಹೊಸ ಬಟ್ಟೆ ಹಾಕಿಕೊಂಡು ಬಂದಾಗ ಅವಳದ್ದೂ ಹೊಸದೇ ಎಂದು ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು.

“ಹದಿನಾಲ್ಕು ಬಾಟಲಿ,” ಎಂದಳು. ದನಿ ತನ್ನದಲ್ಲವೆನ್ನಿಸಿತು. “ನೀವು ತುಂಬಿದ್ದಾ?”

ತೊಡೆಯ ಮೇಲಿನ ಚೂರನ್ನು ಭಾವ ಮಡಿಸಿ ಮೇಜಿನ ಮೇಲಿಟ್ಟರು.

“ತೊಳೆದ ಬಾಟಲಿ ತಂದುಕೊಟ್ರು,” ಎಂದರು ಭಾವ. “ಆಫೀಸಿನಿಂದ. ಹೋದ ಗುರುವಾರ. ಒಳಗೆ ಏನಿತ್ತು ಅಂತ ನಾನು ನೋಡ್ಲಿಲ್ಲ. ಚೀಟಿ ನೋಡು, ವಾರ ನೋಡು, ತೆಳ್ಳಗೆ ತುಂಬು ಅಂದ್ರು. ತುಂಬಿದೆ.”

“ಮೇಷ್ಟ್ರ ಮನೆ ಬೀಗ ಒಡೆದಿಲ್ಲ.”

“ಗುರುವಾರ ಮೇಷ್ಟ್ರು ವಕೀಲರನ್ನ ನೋಡೋಕೆ ಹೋಗಿದ್ರು. ಅವರಿಲ್ಲದಾಗ ಗಿಡಕ್ಕೆ ನೀರು ಹಾಕೋಕೆ ನಿನ್ನ ಅಕ್ಕನಿಗೆ ಒಂದು ಕೀಲಿ ಕೊಟ್ಟಿದ್ರು. ನಮ್ಮ ಅಡುಗೆಮನೆ ಮೊಳೆ ಮೇಲೆ ಇತ್ತು. ತಗೊಂಡು ಕೊಟ್ಟೆ. ಸಂಜೆ ವಾಪಸ್ ತಂದು ನೇತುಹಾಕಿದೆ.”

“ಯಾಕೆ ಭಾವ?”

ಭಾವ ಎದ್ದು ನಿಂತರು. ಅಷ್ಟಕ್ಕೇ ಉಸಿರು ಮೇಲೆ ಬಂತು. “ಯಾಕೆ ಅಂತ ನೀನು ಕೇಳ್ಬೇಡ. ರಾತ್ರಿ ನಾನು ಯಾವ ಮೆಷಿನ್ ಹಾಕ್ಕೊಂಡು ಮಲಗ್ತೀನಿ ಅಂತ ನಿನಗೆ ಗೊತ್ತು. ಅದು ಕಾರ್ಖಾನೆ ಆಸ್ಪತ್ರೇದು. ಮೂವತ್ತು ವರ್ಷ ಈ ಪುಡಿ ಕುಡಿದಿದೀನಿ ಪುಟ್ಟಿ. ನನ್ನ ಎದೆ ಕೊಯ್ದು ನೋಡಿದ್ರೆ ಆರೂ ಬಣ್ಣ ಸಿಗುತ್ತೆ. ಉಸಿರು ಕಿತ್ಕೊಂಡೋರೇ ಈಗ ಉಸಿರು ಕೊಡ್ತಿದಾರೆ. ಸೋಮವಾರ ಕೋರ್ಟು ಕಾರ್ಖಾನೆ ಬಾಗಿಲು ಹಾಕ್ಸುತ್ತೆ. ಆಮೇಲೆ ಆ ಮೆಷಿನ್ ಯಾರು ಕೊಡ್ತಾರೆ? ಮೇಷ್ಟ್ರು ಕೊಡ್ತಿದ್ರಾ?”

“ಮೇಷ್ಟ್ರು ಸತ್ತೋಗಿದಾರೆ ಭಾವ.”

“ನಾನು ಬಾಟಲಿ ತುಂಬಿದೆ. ಮನುಷ್ಯನ್ನ ಸಾಯಿಸ್ಲಿಲ್ಲ. ಶುಕ್ರವಾರ ಬೆಳಗ್ಗೆ ಆರು ಗಂಟೆಗೆ ಗೇಟಿನಲ್ಲಿ ನನ್ನ ಸಹಿ ಇದೆ. ಹೋಗಿ ನೋಡ್ಕೋ.”

ಗೇಟಿನ ಪುಸ್ತಕ ಅವಳು ಒಳಗೆ ಬರುವಾಗಲೇ ನೋಡಿದ್ದಳು. ಸಹಿ ಇತ್ತು. ಈಗ ಮೇಜಿನ ಮೇಲಿದ್ದ ದಪ್ಪ ರಿಜಿಸ್ಟರನ್ನು ಎಳೆದುಕೊಂಡಳು. ದಿನದ ಮೊದಲ ಬಣ್ಣವನ್ನು ಮೇಸ್ತ್ರಿಯೇ ಕಲಸಬೇಕು, ಅದರಲ್ಲಿ ಅದ್ದಿದ ಬಟ್ಟೆಯ ಚೂರನ್ನು ಪುಟಕ್ಕೆ ಅಂಟಿಸಿ ಕೆಳಗೆ ರುಜು ಹಾಕಬೇಕು. ಅವಳು ಚಿಕ್ಕವಳಿದ್ದಾಗಿನಿಂದ ಭಾವ ಅದನ್ನು ತಪ್ಪಿಸಿದವರಲ್ಲ, ಜ್ವರ ಬಂದರೂ ಎದ್ದು ಹೋಗುತ್ತಿದ್ದರು.

ಹೋದ ವಾರದ ಹಳದಿ, ಕಿತ್ತಳೆ, ಕೆಂಪು, ಹಸಿರು. ನಾಲ್ಕರ ಕೆಳಗೂ ಭಾವನ ಬಾಲ ಎಳೆದ ರುಜು. ಶುಕ್ರವಾರದ ನೀಲಿ ಚೂರಿನ ಕೆಳಗೆ ಮಾತ್ರ ಬೇರೆ ಯಾರದೋ ಗುಂಡು ಗುಂಡು ಅಕ್ಷರ.

“ಇದನ್ನ ಬರೆದಿದ್ದು ಯಾರು?”

“ಅಸಿಸ್ಟೆಂಟು. ಅವತ್ತು ನನಗೆ ಕೈ ನಡುಗ್ತಿತ್ತು.”

“ಕೈ ನಡುಗ್ತಿತ್ತೋ, ಕೈಯೇ ಇಲ್ಲಿರ್ಲಿಲ್ವೋ?”

ಭಾವ ಅವಳನ್ನು ನೋಡಿದರು. ಆ ಕಣ್ಣಿನಲ್ಲಿ ಕೋಪವಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ಅಕ್ಕನಿಗೆ ಇದೆಲ್ಲ ಗೊತ್ತಾ?” ಎಂದಳು.

“ಅವಳನ್ನ ಇದಕ್ಕೆ ಎಳೀಬೇಡ.” ಮೊದಲ ಬಾರಿ ಭಾವನ ದನಿ ಏರಿತು. “ಏನು ಬೇಕಾದ್ರೂ ನನ್ನ ಕೇಳು. ಅವಳ ಹತ್ರ ಹೋಗ್ಬೇಡ ಪುಟ್ಟಿ. ಹೋಗ್ಬೇಡ.”

ಎರಡು ಸಣ್ಣ ಕೆಮ್ಮು, ಒಂದು ಉದ್ದದ್ದು. ಭಾವ ಡ್ರಮ್ಮು ಹಿಡಿದುಕೊಂಡು ಬಗ್ಗಿದರು. ಅವಳ ಕೈ ತಾನಾಗಿ ಮುಂದೆ ಹೋಗಿ ಅವರ ಬೆನ್ನು ನೀವಿತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೈಗೆ ಬೇಡಿ ಹಾಕಿಸಿ ಜೀಪಿಗೆ ಹತ್ತಿಸುತ್ತಿದ್ದಳು. ಈಗ ಹೊರಗೆ ಬಂದು ದಫೇದಾರನಿಗೆ, “ಇಲ್ಲೇ ಬಾಗಿಲಲ್ಲಿ ಕೂತಿರು. ಅವರು ಎಲ್ಲೂ ಹೋಗದ ಹಾಗೆ ನೋಡ್ಕೋ, ಆದ್ರೆ ಒರಟಾಗಿ ಮಾತಾಡ್ಬೇಡ, ಹುಷಾರಿಲ್ಲದೋರು,” ಎಂದು ಹೇಳಿ ಜೀಪಿನ ಕೀಲಿ ತಾನೇ ತೆಗೆದುಕೊಂಡಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳು ಹೀಗೆ ಕಾನೂನನ್ನು ಅರ್ಧಕ್ಕೆ ಬಿಟ್ಟದ್ದು ಇದೇ ಮೊದಲು.

*

ಅಕ್ಕ ಕಿಟಕಿಯ ಬಳಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಮಧ್ಯಾಹ್ನದ ಹೊತ್ತು ಬೀದಿಯೆಲ್ಲ ಖಾಲಿ.

“ಇವತ್ತು ಭಾನುವಾರ ಅಲ್ವಲ್ಲೇ,” ಎಂದಳು ತಲೆ ಎತ್ತದೆ. “ಊಟ ಇನ್ನೂ ಆಗಿಲ್ಲ. ಕೂತ್ಕೋ. ಎಷ್ಟು ಇಳಿದುಹೋಗಿದೀಯ, ಸ್ಟೇಷನ್ನಿನಲ್ಲಿ ಏನು ಗಾಳಿ ತಿಂತೀಯಾ?”

ಇನ್ಸ್‌ಪೆಕ್ಟರಮ್ಮ ಕೂರಲಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಮೊಳೆಗಳ ಸಾಲಿತ್ತು. ಒಂದರಲ್ಲಿ ಹಸಿರು ದಾರ ಕಟ್ಟಿದ ಕೀಲಿ ನೇತಾಡುತ್ತಿತ್ತು. ಅವಳು ಅಕ್ಕನ ಕಾಲಿನ ಕಡೆ ನೋಡಿದಳು.

ಅಕ್ಕ ಕಾಲುಚೀಲ ಹಾಕಿಕೊಂಡಿದ್ದಳು. ಈ ಸೆಕೆಯಲ್ಲಿ, ಮನೆಯೊಳಗೆ. ಭಾನುವಾರ ಊಟಕ್ಕೆ ಬಂದಾಗಲೂ ಹಾಕಿದ್ದಳು. ಹಿಮ್ಮಡಿ ಒಡೆದಿದೆ, ಮುಲಾಮು ಹಚ್ಚಿದೀನಿ ಎಂದಿದ್ದಳು. ಇವಳು ನಕ್ಕು, ವಯಸ್ಸಾಯ್ತು ಕಣೇ ನಿನಗೆ ಎಂದು ರೇಗಿಸಿದ್ದಳು.

“ಅಕ್ಕ, ಕಾಲುಚೀಲ ತೆಗಿ.”

ಚಾಕು ನಿಂತಿತು.

“ಮುಲಾಮು ಇದೆ ಪುಟ್ಟಿ.”

“ತೆಗಿ ಅಕ್ಕ. ನಿನ್ನ ಕಾಲು ನೋಡ್ಬೇಕು ನಾನು.”

ಅಕ್ಕ ತಂಗಿಯ ಮುಖ ನೋಡಿದಳು. ಆಮೇಲೆ ಚಾಕು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಬಗ್ಗಿ ಒಂದೊಂದೇ ಕಾಲುಚೀಲ ಎಳೆದು ತೆಗೆದಳು.

ಹಿಮ್ಮಡಿಯ ಬಿರುಕುಗಳಲ್ಲಿ ಹಸಿರು ಗೆರೆ ಗೆರೆಯಾಗಿ ಕೂತಿತ್ತು. ಹತ್ತೂ ಉಗುರಿನ ಅಂಚಿನಲ್ಲಿ ಹಸಿರು. ಶುಕ್ರವಾರದ ಹೊಳೆ, ಮೇಷ್ಟ್ರ ಅಂಗಿಯ ಹಸಿರು. ಈ ಪಾದಗಳನ್ನು ನೋಡಿಕೊಂಡೇ ಅವಳು ಒಂದು ಕಾಲದಲ್ಲಿ ಹೆದರಿಕೆ ಬಿಟ್ಟಿದ್ದಳು.

“ಮೊಳೆ ಬದಲಾಗಿತ್ತು,” ಎಂದಳು ಅಕ್ಕ ತಗ್ಗಿದ ದನಿಯಲ್ಲಿ. “ನಾನು ಆ ಕೀಲಿ ಯಾವಾಗ್ಲೂ ಕೊನೇ ಮೊಳೆಗೆ ಹಾಕೋದು. ಗುರುವಾರ ರಾತ್ರಿ ನೋಡಿದ್ರೆ ಮೊದಲನೇದರಲ್ಲಿತ್ತು. ನಿದ್ದೆ ಬರ್ಲಿಲ್ಲ ನನಗೆ. ಅದನ್ನೇ ಹೇಳೋಣ ಅಂತ ಬೆಳಗ್ಗೆ ಮೇಷ್ಟ್ರ ಹತ್ರ ಹೊಳೆಗೆ ಹೋದೆ. ಅವರಿಗೆ ಆಗ್ಲೇ ಗೊತ್ತಾಗಿತ್ತು. ಯಾರು ತುಂಬಿದ್ದು ಅಂತಾನೂ ಗೊತ್ತಾಗಿತ್ತು. ಆದ್ರೂ ನನ್ನ ಮೇಲೆ ಒಂದು ಮಾತು ಆಡ್ಲಿಲ್ಲ.”

ಅವಳು ಎದ್ದು, ಹಿಟ್ಟಿನ ಡಬ್ಬದ ಹಿಂದೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ್ದೊಂದನ್ನು ತಂದು ಮೇಜಿನ ಮೇಲಿಟ್ಟಳು.

ಒಳಗಿದ್ದದ್ದು ಬಾಟಲಿ. ತುಂಬ ಹಸಿರು ನೀರು, ಬಿಗಿದ ಮುಚ್ಚಳ, ನೇರಳೆ ಇಂಕಿನ ಚೀಟಿ. ಶುಕ್ರವಾರ, ಬೆಳಗ್ಗೆ ಆರು ನಲವತ್ತು.

ಇನ್ಸ್‌ಪೆಕ್ಟರಮ್ಮ ಚೀಟಿಯನ್ನು ಎರಡು ಸಲ ಓದಿದಳು. ಮೇಷ್ಟ್ರ ಪದ್ಧತಿ ಅವಳಿಗೆ ಬಾಯಿಪಾಠವಿತ್ತು, ತರಗತಿಗೆಲ್ಲ ಕಲಿಸಿದ್ದರು. ಅದೇ ನೀರಿನಲ್ಲಿ ಮೂರು ಸಲ ಕಲಕಿ ಚೆಲ್ಲು. ತುಂಬು. ಮುಚ್ಚಳ ಬಿಗಿ. ಮೇಲೆ ಹತ್ತಿ ಬಂದು, ಒಣ ಜಾಗದಲ್ಲಿ ಕೂತು, ಕೈ ಒರೆಸಿಕೊಂಡು ಆಮೇಲೆ ಚೀಟಿ ಬರಿ. ಒದ್ದೆ ಕೈಯಲ್ಲಿ ಬರೆದದ್ದು ಪುರಾವೆಯಲ್ಲ.

ಚೀಟಿ ಬರೆದಾಗಿತ್ತು ಎಂದರೆ ಮೇಷ್ಟ್ರು ನೀರು ಬಿಟ್ಟು ಮೇಲೆ ಬಂದಾಗಿತ್ತು. ತುಂಬುವಾಗ ಕಾಲು ಜಾರುವ ಮಾತೇ ಇಲ್ಲ.

“ಮತ್ತೆ ಯಾಕೆ ಇಳಿದ್ರು ಅಕ್ಕ?”

“ನನಗೋಸ್ಕರ.” ಅಕ್ಕನ ಕಣ್ಣು ತುಂಬಿತ್ತು. “ನಾನು ನೀರೊಳಗೆ ಇದ್ದೆ. ನನ್ನ ಕೈ ಹಿಡಿದು ಮೆಟ್ಟಿಲಿಗೆ ಎಳೆದು ಹಾಕಿದ್ರು. ಆಮೇಲೆ ಅವರಿಗೇ ಹತ್ತೋಕಾಗ್ಲಿಲ್ಲ. ಆ ನೀರಲ್ಲಿ ಏನೂ ಕಾಣಲ್ವೇ ಪುಟ್ಟಿ. ನಿನಗೆ ಈಜು ಕಲಿಸಿದ ಜಾಗ. ಅವರ ಕೈ ಎಲ್ಲಿದೆ ಅಂತಾನೇ ಕಾಣ್ಲಿಲ್ಲ. ಮೆಟ್ಟಿಲ ಮೇಲೆ ಈ ಬಾಟಲಿ ಒಂದೇ ಉಳಿದಿತ್ತು, ಎತ್ಕೊಂಡು ಬಂದೆ.”

“ನೀನು ಯಾಕೆ ನೀರಿಗಿಳಿದೆ? ನೀನು... ನೀನಾಗೇ ಹೋದ್ಯಾ?”

ಅಕ್ಕ ತಲೆಯಲ್ಲಾಡಿಸಿದಳು.

“ನಾನಾಗಿ ಇಳೀಲಿಲ್ಲ. ಹಿಂದಿನಿಂದ ತಳ್ಳಿದ್ರು.”

“ಯಾರು?”

ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಹಿತ್ತಿಲ ಬಾಗಿಲ ಚಿಲಕ ಸರಿದ ಸದ್ದಾಯಿತು.

ಎರಡು ಸಣ್ಣ ಕೆಮ್ಮು. ಆಮೇಲೆ ಎದೆಯ ಬುಡದಿಂದ ಎಳೆದ ಹಾಗೆ ಒಂದು ಉದ್ದದ್ದು.

ಅಕ್ಕ ಮಾತು ನುಂಗಿ, ಬಗ್ಗಿ, ಅವಸರದಲ್ಲಿ ಕಾಲುಚೀಲ ಹಾಕಿಕೊಳ್ಳತೊಡಗಿದಳು.